ಸ್ಮಾರ್ಟ್ ಮೀಟರ್ ಬಂದಾಗ ಏನು ನೋಡಬೇಕು, ಯಾರನ್ನು ಕೇಳಬೇಕು?

ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್, ಅಂದರೆ ರೀಡಿಂಗನ್ನು ತಾನೇ ಕಳಿಸುವ ಮೀಟರ್, ಹಾಕುವ ಗುರಿಯನ್ನು ಕೇಂದ್ರ ಸರ್ಕಾರ 2021ರಲ್ಲಿ ಇಟ್ಟುಕೊಂಡಿತು. ಮೀಟರ್ ಹೇಗಿರಬೇಕು ಎಂದು ಹೇಳುವುದು ಕೇಂದ್ರ ವಿದ್ಯುತ್ ಪ್ರಾಧಿಕಾರ. ನಮ್ಮ ರಾಜ್ಯದಲ್ಲಿ ದರ, ಷರತ್ತು ನೋಡಿಕೊಳ್ಳುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ). ಶಿವಮೊಗ್ಗ ಜಿಲ್ಲೆಗೆ ಕರೆಂಟು ಕೊಡುವುದು ಮೆಸ್ಕಾಂ. ಕಾವಲಿಗೇನೂ ಕಮ್ಮಿಯಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ಒಂದು ಮನೆಯ ಮೀಟರ್ ಜಾಸ್ತಿ ಓಡುತ್ತಿದೆ ಅಂತ ಅವರಿಗೆ ಗೊತ್ತಾಗುವುದು ಆ ಮನೆಯವರು ಬರೆದುಕೊಟ್ಟಾಗಲೇ.

ಮೀಟರ್ ಬದಲಿಸುವ ದಿನ ಮನೆಯಲ್ಲಿ ಒಬ್ಬರಾದರೂ ಇರಿ. ಹಳೇ ಮೀಟರ್ ಬಿಚ್ಚುವ ಮೊದಲು ಕೊನೆಯ ರೀಡಿಂಗ್ ಕಾಣುವ ಹಾಗೆ ಫೋಟೊ ತೆಗೆಯಿರಿ. ಹೊಸದರ ಸೀರಿಯಲ್ ನಂಬರ್, ಮೊದಲ ರೀಡಿಂಗ್, ಸೀಲ್ ಕೂಡ ಫೋಟೊದಲ್ಲಿರಲಿ. ಆಮೇಲೆ ಸಹಿ. ಮುಂದೆ ಯಾವ ತಕರಾರು ಬಂದರೂ ಮೊದಲು ಕೇಳುವುದು ಇದನ್ನೇ.

ಗೃಹಜ್ಯೋತಿ ಬಂದ ಮೇಲೆ ಬಿಲ್ ನೋಡುವ ಅಭ್ಯಾಸವೇ ತಪ್ಪಿಹೋಗಿದೆ, ಅಲ್ವಾ? ಸೊನ್ನೆ ಬಿಲ್ ಬಂದರೂ ಯೂನಿಟ್ ನೋಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೀಟರ್ ಮೇಲೆ 3200 ಇಂಪಲ್ಸ್ ಎಂದು ಬರೆದಿದೆ ಅನ್ನಿ. ಒಂದು ಯೂನಿಟ್‌ಗೆ ಕೆಂಪು ದೀಪ 3200 ಸಲ ಮಿನುಗುತ್ತದೆ. ಫ್ರಿಜ್, ಪಂಪು, ವೈಫೈ ಎಲ್ಲ ಆಫ್ ಮಾಡಿ. ಬಕೆಟ್ ನೀರಿನಲ್ಲಿ 1000 ವಾಟ್‌ನ ಹೀಟರ್ ರಾಡ್ ಇಟ್ಟು ಸ್ವಿಚ್ ಹಾಕಿ. ಸ್ವಿಚ್ ಆನ್ ಇರುವಾಗ ನೀರು ಮುಟ್ಟಲೇಬೇಡಿ. ನಿಮಿಷಕ್ಕೆ ಸುಮಾರು 53 ಮಿನುಗು ಬರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ವೋಲ್ಟೇಜ್ ಇಳಿಯುತ್ತದೆ, ಆಗ 40ರ ಹತ್ತಿರ ಬಂದರೂ ಗಾಬರಿ ಬೇಡ. ವೋಲ್ಟೇಜ್ ಸರಿಯಾಗಿದ್ದೂ 70 ದಾಟಿದರೆ ಸುಮ್ನೆ ಕೂರಬೇಡಿ.

1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಜೊತೆಗೆ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಬಿಲ್ ಮೇಲಿರುವ ಆರ್‌ಆರ್ ನಂಬರ್ ಹಾಕಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ: ಬಳಕೆಗೂ ರೀಡಿಂಗಿಗೂ ತಾಳೆಯಾಗುತ್ತಿಲ್ಲ ಎಂದು ದೂರು ಕೊಟ್ಟರೆ 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ ಕನಿಷ್ಠ 3 ತಿಂಗಳು ಹೋಲಿಸಿ ನೋಡಬೇಕು. ಅರ್ಜಿಯಲ್ಲಿ ಈ ನಿಯಮದ ಹೆಸರನ್ನೇ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್.

ಹೊಸನಗರ, ಸಾಗರದ ಹಿನ್ನೀರಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ಲೇ ಕಷ್ಟ; ಸ್ಮಾರ್ಟ್ ಮೀಟರ್ ರೀಡಿಂಗ್ ಕಳಿಸುವುದು ಹೆಚ್ಚಾಗಿ ಆ ಸಿಗ್ನಲ್ ಮೂಲಕವೇ. ಶರಾವತಿಯಿಂದ ನಾಡಿಗೆ ಕರೆಂಟು ಕೊಟ್ಟ ಊರುಗಳಿವು. ಇಲ್ಲಿ ರೀಡಿಂಗ್ ಹೇಗೆ ತೆಗೆಯುತ್ತಾರೆ, ಅಂದಾಜಿನ ಬಿಲ್ ಎಷ್ಟು ಮನೆಗೆ ಹೋಗಿದೆ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಂದ ಉತ್ತರವನ್ನು ಕೆಇಆರ್‌ಸಿ ದರ ಪರಿಷ್ಕರಣೆಗೆ ಆಕ್ಷೇಪಣೆ ಕರೆದಾಗ ಊರವರೆಲ್ಲ ಸಹಿ ಹಾಕಿದ ಅರ್ಜಿಯ ಜೊತೆ ಲಗತ್ತಿಸಿ ಕಳಿಸಿ.