ಹರಳೆಣ್ಣೆ ಕಾಗದಕ್ಕೆ ಅಂಟಿದ ಮರಳುನೊಣ

ಸೌದಿಯ ಅಲ್ ಅಹ್ಸಾದಿಂದ ರಜೆಯಲ್ಲಿ ಬಂದ ಭಾವನ ಮುಂಗೈಯಲ್ಲಿ ಒಂದು ಹುಣ್ಣಿತ್ತು. ನೋವಿಲ್ಲ. ಅಂಚು ದಪ್ಪ, ನಡುವೆ ಗುಳಿ. ಫಂಗಸ್ ಅಂತ ಎರಡು ತಿಂಗಳು ಮುಲಾಮು ಹಚ್ಚಿದ್ದೇ ಬಂತು. ಕೊನೆಗೆ ಚರ್ಮದ ಡಾಕ್ಟರೊಬ್ಬರು ಹುಣ್ಣಿನ ಅಂಚು ಕೆರೆದು ಸ್ಲೈಡ್ ಮಾಡಿಸಿದಾಗ ಲೀಷ್ಮೇನಿಯಾ ರೋಗಾಣು ಸಿಕ್ಕಿತು. ಮರಳುನೊಣ ಕಚ್ಚಿ ಬರುವ ಕಾಯಿಲೆ.

ನಾನು ಕೀಟ ಹಿಡಿಯುವ ಕೆಲಸದವನು ನೋಡಿ, ಹಿರಿಯಡ್ಕದ ದೊಡ್ಡಮ್ಮ ನನ್ನನ್ನೇ ಕೇಳಿದರು: "ಆ ನೊಣ ನಮ್ಮ ಹಟ್ಟಿಯಲ್ಲೂ ಉಂಟಾ ಮಾರಾಯ?"

ಬಾಯಲ್ಲಿ ಉತ್ತರ ಕೊಡುವುದಕ್ಕಿಂತ ಹಿಡಿದು ತೋರಿಸುವುದೇ ಸುಲಭ ಅನಿಸಿತು. ಬಿಳಿ ಹಾಳೆಗೆ ಎರಡೂ ಕಡೆ ಹರಳೆಣ್ಣೆ ಸವರಿ, ಸಂಜೆ ದನದ ಹಟ್ಟಿಯ ಮುರಕಲ್ಲಿನ ಗೋಡೆಯ ಬಿರುಕುಗಳ ಹತ್ತಿರ ಒರಗಿಸಿಟ್ಟೆ. ಸೊಳ್ಳೆಯ ಹಾಗೆ ನಿಂತ ನೀರಿನಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಸಗಣಿ, ಕೊಳೆತ ಎಲೆ ಬೆರೆತ ತೇವದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಹಗಲಿಡೀ ಬಿರುಕಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊರಬರುತ್ತದೆ. ಹಾರಾಟವೂ ಅಷ್ಟಕ್ಕಷ್ಟೆ, ಗೋಡೆ ಮೇಲೆ ಕುಪ್ಪಳಿಸಿಕೊಂಡೇ ಹೋಗುತ್ತದೆ. ಗುಂಯ್ ಎನ್ನುವ ಸದ್ದಿಲ್ಲ. 2-3 ಮಿ.ಮೀ. ಉದ್ದ ಅಷ್ಟೇ, ಮಾಮೂಲಿ ಸೊಳ್ಳೆಪರದೆಯ ತೂತಿನಲ್ಲಿ ಸಲೀಸಾಗಿ ನುಗ್ಗುತ್ತದೆ.

ಬೆಳಿಗ್ಗೆ ಹೋದರೆ ಹಾಳೆ ತುಂಬ ಇರುವೆ! ಅಂಟಿದ್ದನ್ನೆಲ್ಲ ಕಿತ್ತುಕೊಂಡು ಹೋಗಿದ್ದವು. ನನಗೆ ಉಳಿದದ್ದು ನಾಲ್ಕು ಕಾಲು, ಒಂದು ರೆಕ್ಕೆ. ಮರುದಿನ ಹಾಳೆಗಳನ್ನು ಮಾಡಿನ ಪಕಾಸಿಗೆ ದಾರದಲ್ಲಿ ನೇತುಹಾಕಿ, ದಾರಕ್ಕೂ ಎಣ್ಣೆ ಸವರಿದೆ.

11 ಸಿಕ್ಕಿದವು. ಸ್ಪಿರಿಟ್‌ನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಒಂದೊಂದನ್ನೇ ಎತ್ತಿ ಎಣ್ಣೆ ತೊಳೆದು ಮಸೂರದ ಕೆಳಗೆ ಇಟ್ಟೆ. ನಾನು ಮೊದಲು ನೋಡುವುದು ನೊಣದ ಹೊಟ್ಟೆಯ ಮೇಲೆ, ಬೆನ್ನಿನ ಕಡೆ ಇರುವ ಕೂದಲು. 9ರಲ್ಲಿ ಕೂದಲು ಬಾಚಿದ ಹಾಗೆ ಮಲಗಿತ್ತು. ಅವು ಸರ್ಜೆಂಟೋಮಿಯಾ, ಹೆಚ್ಚಾಗಿ ಹಲ್ಲಿಯಂಥವುಗಳ ರಕ್ತ ಕುಡಿಯುವ ಗುಂಪು. ಹಟ್ಟಿಯ ಗೋಡೆಯಲ್ಲಿ ಹಲ್ಲಿಗೇನು ಬರವೇ? ಉಳಿದ 2ರಲ್ಲಿ ಕೂದಲು ನೆಟ್ಟಗೆ ನಿಂತಿತ್ತು, ಅಂದರೆ ಫ್ಲೆಬೋಟೋಮಸ್ ಗುಂಪು. ಬಿಡಿಸಿ ನೋಡಿದಾಗ ಅದರಲ್ಲಿ ಅರ್ಜೆಂಟಿಪಿಸ್ ಎಂಬ ಜಾತಿ. ಬಿಹಾರದಲ್ಲಿ ಕಾಲಾ ಅಜಾರ್ ಎಂಬ ಜ್ವರ ಹರಡುವುದು ಇದೇ.

"ನೊಣ ಉಂಟು ದೊಡ್ಡಮ್ಮ. ಆದರೆ ಭಾವನಿಗೆ ಕಚ್ಚಿದ್ದು ಬೇರೆ," ಎಂದೆ. ಅಲ್ ಅಹ್ಸಾದ ಕಡೆ ಈ ಹುಣ್ಣು ಹರಡುವುದು ಪಪಾಟಸಿ ಎಂಬ ಜಾತಿ. ಮರಳುಗಾಡಿನ ಇಲಿಯ ಬಿಲದಲ್ಲೇ ಅದರ ಸಂಸಾರ, ರೋಗಾಣು ಇರುವುದೂ ಆ ಇಲಿಯಲ್ಲೇ. ಕಚ್ಚುವುದು ಹೆಣ್ಣು ಮಾತ್ರ. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಒಂದು ಥರದ ಲೋಳೆ ಮಾಡಿ ಗಂಟಲು ಕಟ್ಟಿಸುತ್ತದೆ. ರಕ್ತ ಸರಿಯಾಗಿ ಒಳಗೆ ಇಳಿಯದೆ ಅದು ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚುವಾಗ ಆ ಲೋಳೆಯನ್ನು ಗಾಯದೊಳಗೆ ಕಕ್ಕುತ್ತದೆ. ಭಾವ ಸೆಕೆ ಅಂತ ತಿಂಗಳುಗಟ್ಟಲೆ ಹೊರಗೆ ನೆಲದಲ್ಲೇ ಮಲಗುತ್ತಿದ್ದರಂತೆ.

ದೊಡ್ಡಮ್ಮ ಅರ್ಧ ಕೇಳಿಸಿಕೊಂಡರು. ಮಕ್ಕಳಿಗೆ ಭಾವನನ್ನು ಮುಟ್ಟಬೇಡಿ ಅನ್ನುವುದನ್ನು ಬಿಟ್ಟರು, ಅದೇ ದೊಡ್ಡದು. ಮೇಸ್ತ್ರಿಯನ್ನು ಕರೆಸಿ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿಸಿದರು. ಗೊಬ್ಬರದ ರಾಶಿಯನ್ನೂ ದೂರ ಹಾಕಿಸಿದರು.

ಮೊನ್ನೆ ಮತ್ತೆ ಹಾಳೆ ಕಟ್ಟಿದೆ. ಮೆತ್ತಿದ ಗೋಡೆಯ ಹತ್ತಿರ ಒಂದೂ ಇಲ್ಲ. ಬೈಹುಲ್ಲಿನ ಹಿಂದೆ ಮೇಸ್ತ್ರಿಗೆ ಕಾಣದೆ ಉಳಿದ ಒಂದು ಬಿರುಕಿತ್ತು. ಅಲ್ಲಿ 4 ಅಂಟಿದ್ದವು.