ಕಂಬಳಿಗೆ ಕತ್ತರಿ ಹಾಕಿದ ಕಥೆ

ದಾವಣಗೆರೆಯಲ್ಲಿ ಫ್ಯಾಷನ್ ಡಿಸೈನ್ ಓದುತ್ತೇನೆ ಎಂದಾಗ ನಮ್ಮ ಕಡೆಯ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಹೊಲಿಗೆ ಕಲಿಯಲು ಮೂರು ವರ್ಷ ಬೇಕಾ?" ಚಳ್ಳಕೆರೆಯ ಹತ್ತಿರದ ನಮ್ಮೂರಲ್ಲಿ ಆರು ತಿಂಗಳು ಮಷಿನ್ ತುಳಿದವರು ರವಿಕೆ ಹೊಲಿದು ಸಂಸಾರ ನಡೆಸುತ್ತಾರೆ. ನನ್ನ ಹತ್ತಿರ ಆಗ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಚಿತ್ರ ಬರೆಯಲು ಬರುತ್ತದೆ ಎಂಬ ಒಂದೇ ಧೈರ್ಯದಿಂದ ಸೇರಿಕೊಂಡವಳು ನಾನು.

ಮೊದಲ ವರ್ಷ ಆ ಧೈರ್ಯಕ್ಕೆ ತಕ್ಕಂತೆಯೇ ನಡೆಯಿತು. ಫ್ಯಾಷನ್ ಚಿತ್ರದಲ್ಲಿ ಹೆಂಗಸಿನ ಎತ್ತರವನ್ನು ತಲೆಯ ಅಳತೆಯ ಒಂಬತ್ತು, ಹತ್ತು ಪಟ್ಟು ಬರೆಯುತ್ತಾರೆ. ನಿಜವಾದ ಮನುಷ್ಯರು ಏಳೂವರೆ ತಲೆಯಷ್ಟು ಇದ್ದರೆ ಹೆಚ್ಚು. ಚಿತ್ರದುರ್ಗದ ಬಸ್ಸಿನಲ್ಲಿ ಅಂಥ ಒಬ್ಬಳನ್ನೂ ಕಾಣದ ನಾನು ವರ್ಷವಿಡೀ ಉದ್ದ ಕಾಲಿನ ಹೆಂಗಸರನ್ನೇ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ.

ಪೆಟ್ಟು ಬಿದ್ದದ್ದು ಪ್ಯಾಟರ್ನ್ ತರಗತಿಯಲ್ಲಿ. ಕಾಗದದ ಮೇಲೆ ಮೈಯಳತೆಯ ನಕ್ಷೆ ತೆಗೆದು, ಡಾರ್ಟ್ (ಮೈಗೆ ಕೂರಲು ಬಟ್ಟೆಯನ್ನು ಮಡಚಿ ಹೊಲಿಯುವ ಚೂಪು ಮಡಿಕೆ) ಗುರುತಿಸಿ, ಕೋರಾ ಬಟ್ಟೆಯಲ್ಲಿ ಕತ್ತರಿಸಿ ಬೊಂಬೆಯ ಮೇಲೆ ಹಾಕಿ ನೋಡಬೇಕು. ನನ್ನದು ಪ್ರತಿಸಲ ಕಂಕುಳಲ್ಲಿ ಹಿಡಿಯುತ್ತಿತ್ತು. ಸಂಜೆ ನಾನು ಕೆಲಸಕ್ಕೆ ಹೋಗುತ್ತಿದ್ದ ಬ್ಲೌಸ್ ಅಂಗಡಿಯ ಅಕ್ಕ ಕಾಗದವನ್ನೇ ಮುಟ್ಟಿದವರಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಎದೆಯ ಸುತ್ತಳತೆಯ ಕಾಲು ಭಾಗಕ್ಕೆ ಒಂದಿಷ್ಟು ಸೇರಿಸಿ, ಚಾಕ್‌ನಿಂದ ಗೀರಿ, ಕತ್ತರಿ ಆಡಿಸಿಬಿಡುತ್ತಿದ್ದರು. ಒಂದಿಷ್ಟು ಎಂದರೆ ಎಷ್ಟು ಎಂದು ಕೇಳಿದರೆ, ಬಂದ ಗಿರಾಕಿಯನ್ನೊಮ್ಮೆ ನೋಡಿ, "ಇವರಿಗೆ ಒಂದೂವರೆ ಇಂಚು, ಕೈ ಎತ್ತಿ ಕೆಲಸ ಮಾಡುವವರು" ಎಂದರು. ಕಾಲೇಜಿನಲ್ಲಿ ಇದಕ್ಕೆ ಈಸ್ ಎಂದು ಹೆಸರಿತ್ತು, ಕೋಷ್ಟಕವಿತ್ತು. ಆ ಕೋಷ್ಟಕ ನನಗೆ ಅರ್ಥವಾದದ್ದು ಅಂದು ಸಂಜೆ.

ಜವಳಿ ಪ್ರಯೋಗಾಲಯ ಮಾತ್ರ ಮೊದಲ ದಿನದಿಂದಲೇ ಹಿಡಿಸಿತು. ಒಂದೊಂದೇ ನೂಲನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ಒಡ್ಡುವುದು. ಹತ್ತಿ ಸುಟ್ಟ ಕಾಗದದಂತೆ ನಾರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ಕಲಿತ ವಾರವೇ ಮನೆಗೆ ಹೋಗಿ, ಚಿಕ್ಕಮ್ಮ ಅಸಲಿ ರೇಷ್ಮೆ ಎಂದು ಹೆಮ್ಮೆಪಡುತ್ತಿದ್ದ ಸೀರೆಯ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟೆ. ಮಣಿಯಾಯಿತು. ಎರಡು ತಿಂಗಳು ಅವರು ನನ್ನೊಡನೆ ಮಾತು ಬಿಟ್ಟಿದ್ದರು.

ಕೊನೆಯ ವರ್ಷದ ಉಡುಪು ಸಂಗ್ರಹಕ್ಕೆ ಎಲ್ಲರೂ ಮೊಳಕಾಲ್ಮುರು ರೇಷ್ಮೆಯ ಹಿಂದೆ ಬಿದ್ದರು. ನನಗೆ ಅದರ ಬೆಲೆ ಎಟುಕಲಿಲ್ಲ. ಅಪ್ಪನ ಹೆಗಲ ಮೇಲಿನ ಕರಿ ಕಂಬಳಿ ಕಣ್ಣಿಗೆ ಬಿತ್ತು. ಬಣ್ಣ ಹಾಕದೆ, ಕುರಿಯ ಮೈಬಣ್ಣದಲ್ಲೇ ನೇಯ್ದದ್ದು. ಇದರಲ್ಲಿ ಹೆಂಗಸರ ಜಾಕೆಟ್ ಹೊಲಿಯುತ್ತೇನೆ ಎಂದು ವಿಷಯ ಬರೆದುಕೊಟ್ಟೆ.

ಹೊಸ ಕಂಬಳಿ ತಂದ ದಿನವೇ ಕತ್ತರಿಸಿದೆ. ನನ್ನ ದೊಡ್ಡ ತಪ್ಪು ಅದೇ. ಜಾಕೆಟ್ ಚೆನ್ನಾಗಿಯೇ ನಿಂತಿತು, ರಟ್ಟಿನಂತೆ ಗರಿಗರಿಯಾಗಿತ್ತು. ಏನೋ ಒಂದು ಒಗರು ವಾಸನೆ. ಪ್ರದರ್ಶನಕ್ಕೆ ಮುಂಚೆ ಅದು ಹೋಗಲಿ ಎಂದು ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ. ಒಣಗಿದ ಮೇಲೆ ಟೇಪು ಹಿಡಿದರೆ 58 ಸೆಂಟಿಮೀಟರ್ ಇದ್ದ ತೋಳು 49ಕ್ಕೆ ಇಳಿದಿತ್ತು. ಗರಿಯೂ ಇರಲಿಲ್ಲ.

ಕಂಬಳಿ ನೇಯ್ದ ಅಜ್ಜನ ಹತ್ತಿರ ಹೋಗಿ ತೋರಿಸಿದೆ. ಅವರು ನಕ್ಕೇ ನಕ್ಕರು. "ಹೊಸ ಕಂಬಳಿಯನ್ನು ಯಾರಾದರೂ ಬಿಸಿನೀರಲ್ಲಿ ಒಗೆಯುತ್ತಾರಾ ತಾಯಿ?" ಗುಂಡಿಮಗ್ಗದ ಪಕ್ಕದಲ್ಲಿ ಹಾಸು (ಬಟ್ಟೆಯ ಉದ್ದಕ್ಕೆ ಬರುವ ಎಳೆಗಳು) ಕಟ್ಟಿತ್ತು. ಹುಣಸೆ ಬೀಜದ ಗಂಜಿಯನ್ನು ಕುಂಚದಿಂದ ಎಳೆಗಳಿಗೆ ಎಳೆಯುತ್ತಿದ್ದರು. ಗಂಜಿ ಇಲ್ಲದಿದ್ದರೆ ಕೈನೂಲು ಮಗ್ಗದ ಉಜ್ಜಾಟ ತಾಳದೆ ತುಂಡಾಗುತ್ತದೆ. ನನ್ನ ಜಾಕೆಟ್ಟಿನ ಗರಿಯೂ ಅದೇ, ವಾಸನೆಯೂ ಅದೇ. "ಹೊಸದರಲ್ಲಿ ಮಳೆ ಒಳಗೆ ಇಳಿಯುತ್ತದೆ. ನೆನೆದು ಒಣಗಿ, ನೆನೆದು ಒಣಗಿ ಬಿಗಿಯಾದ ಮೇಲೆ ಇಳಿಯುವುದಿಲ್ಲ" ಎಂದರು ಅಜ್ಜ.

ಪುಸ್ತಕದಲ್ಲಿ ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಉಣ್ಣೆಯ ಎಳೆಯ ಮೈಮೇಲೆ ಮೀನಿನಂತೆ ಹುರುಪೆಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಐದು ಅಂಕದ ಪ್ರಶ್ನೆ. ನನ್ನ ಬಕೆಟ್ಟಿನಲ್ಲಿ ಅದೇ ನಡೆಯುತ್ತಿದೆ ಎಂದು ಮಾತ್ರ ಹೊಳೆಯಲಿಲ್ಲ.

ಎರಡನೆಯ ಸಲ ಕತ್ತರಿ ಮುಟ್ಟಲು ಹದಿನೈದು ದಿನ ತೆಗೆದುಕೊಂಡೆ. ಕಂಬಳಿಯ ತುಂಡಿನ ಮೇಲೆ ಬಿಳಿ ದಾರದಿಂದ 50 ಸೆಂಟಿಮೀಟರಿನ ಚೌಕ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ತಿಕ್ಕದೆ ನೆನೆಸಿ, ನೆರಳಲ್ಲಿ ಒಣಗಿಸಿದೆ. ಹಾಸಿನ ಕಡೆ 46 ಆಯಿತು, ಅಡ್ಡ ಎಳೆಯ ಹೊಕ್ಕಿನ ಕಡೆ 47.5. ಅಂದರೆ ಉದ್ದಕ್ಕೆ ನೂರಕ್ಕೆ ಎಂಟು, ಅಗಲಕ್ಕೆ ನೂರಕ್ಕೆ ಐದು. ಲೆಕ್ಕ ಹಾಕಿ ದೊಡ್ಡದಾಗಿ ಕತ್ತರಿಸಬಹುದಿತ್ತು. ನನಗೆ ನನ್ನ ಲೆಕ್ಕದ ಮೇಲೆ ಭರವಸೆ ಇರಲಿಲ್ಲ. ಇಡೀ ಕಂಬಳಿಯನ್ನೇ ಎರಡು ಸಲ ನೆನೆಸಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿಸಿಕೊಂಡೆ.

ಆಮೇಲೆ ತೂಕ. ಹತ್ತು ಸೆಂಟಿಮೀಟರ್ ಚೌಕದ ತುಂಡು 6.8 ಗ್ರಾಂ ತೂಗಿತು. ನೂರರಿಂದ ಗುಣಿಸಿದರೆ ಚದರ ಮೀಟರಿಗೆ 680 ಗ್ರಾಂ. ಸಾಮಾನ್ಯ ಶರ್ಟಿನ ಬಟ್ಟೆ 120ರ ಆಸುಪಾಸು. ದಪ್ಪ ಮೂರು ಮಿಲಿಮೀಟರ್. ಇದು ಯಾಕೆ ಮುಖ್ಯವೆಂದರೆ ದಪ್ಪ ಬಟ್ಟೆ ಒಳಗಿನ ಜಾಗವನ್ನು ತಿನ್ನುತ್ತದೆ. ಮೈಸುತ್ತ ಮೂರು ಮಿಲಿಮೀಟರ್ ದಪ್ಪವಿದ್ದರೆ ಹೊರಸುತ್ತು ಒಳಸುತ್ತಿಗಿಂತ ಸುಮಾರು ಎರಡು ಸೆಂಟಿಮೀಟರ್ ಹೆಚ್ಚು. ಮೊದಲ ಜಾಕೆಟ್ ಒಗೆಯುವ ಮುಂಚೆಯೇ ಎದೆಯ ಬಳಿ ಹಿಡಿಯುತ್ತಿದ್ದುದಕ್ಕೆ ಇದೇ ಕಾರಣ.

ಡಾರ್ಟ್ ಮಡಚಿದರೆ ಎದೆಯ ಮೇಲೆ ಗಂಟು ಕಟ್ಟಿದಂತೆ ಕಾಣುತ್ತಿತ್ತು. ಅದನ್ನು ಎದೆಯ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಸಾಗುವ ಪ್ರಿನ್ಸೆಸ್ ಕಟ್‌ನ ಹೊಲಿಗೆಯೊಳಗೆ ಸೇರಿಸಿಬಿಟ್ಟೆ. ಆ ಉಪಾಯ ಬ್ಲೌಸ್ ಅಂಗಡಿಯ ಅಕ್ಕನದು. ಹೊಲಿಗೆಯನ್ನು ಒಳಗೆ ತಿರುಗಿಸುವ ಬದಲು ಒಂದು ಅಂಚಿನ ಮೇಲೆ ಇನ್ನೊಂದನ್ನು ಇಟ್ಟು ಎರಡು ಸಾಲು ಹೊಡೆದೆ. ಕುಗ್ಗಿ ಬಿಗಿಯಾದ ಉಣ್ಣೆ ಎಳೆ ಬಿಡುವುದು ಕಡಿಮೆ, ಹಾಗಾಗಿ ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಬೇಕಾಗಲಿಲ್ಲ. 14ನೇ ನಂಬರಿನ ಸೂಜಿ ಮೂರು ಮುರಿದ ಮೇಲೆ 18ಕ್ಕೆ ಹೋದೆ. ಹೆಗಲಿನ ಗುಂಡನ್ನು ಹೊಲಿಗೆಯಲ್ಲಿ ತರಲೇ ಇಲ್ಲ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಆವಿಯಲ್ಲೇ ಬಾಗಿಸಿದೆ. ಉಣ್ಣೆಯ ಗುಣ ಅದು, ಹತ್ತಿಯಲ್ಲಿ ಆಗುವುದಿಲ್ಲ. ಅರ್ಧ ಗಂಟೆ ಒತ್ತಿ, ತಣ್ಣಗಾಗುವವರೆಗೆ ಬೊಂಬೆಯಿಂದ ತೆಗೆಯದೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಯಾರೋ ಹಾಕಿಕೊಂಡು ಬಿಚ್ಚಿಟ್ಟಂತೆ ಭುಜ ಕೂತಿತ್ತು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಚಿತ್ರಗಳ ಹಾಳೆಯನ್ನು ತಿರುವಿ ಬದಿಗಿಟ್ಟು, ಬಿಳಿ ದಾರದ ಆ ಚೌಕವನ್ನೇ ಕೈಗೆತ್ತಿಕೊಂಡು ಹತ್ತು ನಿಮಿಷ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರವಿತ್ತು.

ಕುಗ್ಗಿದ ಮೊದಲ ಜಾಕೆಟ್ ಎಂಟನೇ ತರಗತಿಯ ನನ್ನ ತಂಗಿಗೆ ಸರಿಯಾಗಿ ಕೂತಿತು. ಚಳಿಗಾಲದಲ್ಲಿ ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಕುತ್ತಿಗೆಗೆ ಚುಚ್ಚುತ್ತದೆ, ಒಳಗೆ ಲೈನಿಂಗ್ ಹಾಕಿಕೊಡು ಎಂದು ಕೇಳುತ್ತಲೇ ಇದ್ದಾಳೆ. ಇನ್ನೂ ಹಾಕಿಕೊಟ್ಟಿಲ್ಲ.