ಹಳೆ ಸಿಡಿಯ ಗೆರೆ ಗಾಜಿನ ಮೇಲೆ ಮೂಡಿದ್ದು

ಖಾಲಿ ಸಿಡಿಯೊಂದರ ಬೆಳ್ಳಿ ಪದರವನ್ನು ಟೇಪ್ ಹಚ್ಚಿ ಕಿತ್ತು, ಬಣ್ಣವನ್ನು ಸ್ಪಿರಿಟ್‌ನಿಂದ ತೊಳೆದೆ. ಗೆರೆಯಿಂದ ಗೆರೆಗೆ 1.6 ಮೈಕ್ರಾನ್. ಪುಕ್ಕಟೆ ಸಿಗುವ ಮಾದರಿ! ಅದರ ಮೇಲೆ ಸಿಲಿಕೋನ್ ರಬ್ಬರ್ ಸುರಿದು 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಮೆತ್ತನೆ ಅಚ್ಚು ರೆಡಿ. ಗಾಜಿನ ಮೇಲಿನ ಟೈಟಾನಿಯಾ ಸೋಲ್ (ಒಣಗಿಸಿ ಸುಟ್ಟರೆ ಟೈಟಾನಿಯಂ ಆಕ್ಸೈಡ್ ಪದರವಾಗುವ ದ್ರವ) ಹನಿಗೆ ಅದನ್ನು ಒತ್ತಿ, ಒಣಗಿದ ಮೇಲೆ ಬಿಡಿಸಿ, 450 ಡಿಗ್ರಿಯಲ್ಲಿ ಸುಡಬೇಕು. ಇಷ್ಟೇ ಅಲ್ವಾ?

ಧಾರವಾಡದ ಜುಲೈ ಮಳೆ ಬಿಡಬೇಕಲ್ಲ. ಸೋಲ್ ಮಾಡುವ ಮೂಲ ರಾಸಾಯನಿಕ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಗಾಳಿಯ ತೇವಕ್ಕೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಮುಂದಿನ ಸಲ ಮೊದಲೇ ಅಸಿಟೈಲ್‌ಅಸಿಟೋನ್ ಬೆರೆಸಿದೆ. ಅದು ಟೈಟಾನಿಯಂ ಅನ್ನು ಹಿಡಿದುಕೊಂಡು ನೀರಿನ ಕೆಲಸವನ್ನು ನಿಧಾನ ಮಾಡುತ್ತದೆ. ಸೋಲ್ ತಿಳಿಹಳದಿಯಾಗಿ ನಿಂತಿತು.

ಆಮೇಲೆ ಬಿರುಕು. ಮೈಕ್ರೋಸ್ಕೋಪಿನಲ್ಲಿ ಬೇಸಿಗೆಯ ನವಲಗುಂದದ ಎರೆಹೊಲವೇ ಕಂಡಿತು! ತಪ್ಪು ನನ್ನದೇ: ಗಟ್ಟಿ ಸೋಲ್, ಅವಸರದ ಬಿಸಿ. ಪದರ ದಪ್ಪವಾದಷ್ಟೂ ಕುಗ್ಗುವಾಗ ಜಾಸ್ತಿ ಸೀಳುತ್ತದೆ. ಎಥನಾಲ್ ಹಾಕಿ ಸೋಲ್ ತೆಳು ಮಾಡಿದೆ. ಅಚ್ಚನ್ನು ಒಂದು ರಾತ್ರಿ ಮುಟ್ಟಲೇ ಇಲ್ಲ. ಎಥನಾಲ್ ಆವಿ ರಬ್ಬರಿನ ಮೂಲಕವೇ ಮೆಲ್ಲಗೆ ಹೋಗುತ್ತದೆ. ಕುಲುಮೆಯನ್ನು ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿದೆ. ಏಳು ತಾಸು ಸುಮ್ನೆ ಕೂತಿದ್ದೆ, ಎರಡು ಸಲ ಚಹಾ ಆಯಿತು.

ತಣ್ಣಗಾದ ಗಾಜನ್ನು ಕಿಟಕಿಗೆ ಹಿಡಿದರೆ ಸಿಡಿಯ ಹಾಗೇ ಕಾಮನಬಿಲ್ಲು. ಗೆರೆಗಳ ಎತ್ತರ ಕುಗ್ಗಿದೆ, ಅಂತರ ಮಾತ್ರ ಹಾಗೇ ಇದೆ.